ಮಂಗಳವಾರದ ಕಿಲ್ಟ್

ನನಗೆ ಆರು ವರ್ಷವಾಗಿದ್ದಾಗ ನಮ್ಮೂರಿನ ಅಂಚೆಯವರನ್ನು ಕಂಡರೆ ನನಗೆ ವಿಪರೀತ ಕನಿಕರ. ನಾವು ಆಗ ತಾನೇ ಸ್ಕಾಟ್ಲೆಂಡಿನ ಬಕ್ಕಿ ಊರಿಗೆ ಬಂದಿದ್ದೆವು. ಬಂದ ವಾರವೇ ಚಿಕ್ಕಮ್ಮನ ಮದುವೆ. ಅಂದು ಗಂಡಸರೆಲ್ಲ ಕಿಲ್ಟ್ ಎಂಬ ಮಂಡಿಯುದ್ದದ ಚೌಕಳಿ ನೆರಿಗೆ ಲಂಗ ಉಟ್ಟಿದ್ದರು; ಅಪ್ಪ, ತಾತ, ಮದುಮಗ, ಕೊನೆಗೆ ಕೇಕಿನ ಮೇಲಿದ್ದ ಸಕ್ಕರೆ ಗೊಂಬೆ ಕೂಡ. ಅಂಚೆಯ ಆಲಿಕ್ ಫ್ಲೆಟ್ ಕೂಡ ಕಿಲ್ಟಿನಲ್ಲೇ ಬಂದು ಕುಣಿದು ಹೋಗಿದ್ದರು. ಭಾನುವಾರ ಎಲ್ಲರೂ ಅದನ್ನು ಕಳಚಿ, ಮಡಿಸಿ, ಬಾಡಿಗೆ ಅಂಗಡಿಗೆ ಹಿಂತಿರುಗಿಸಲು ಡಬ್ಬಿಗೆ ತುಂಬಿದರು. ಸೋಮವಾರ ಬೆಳಗ್ಗೆ ಕಿಟಕಿಯಲ್ಲಿ ನೋಡುತ್ತೇನೆ: ಆಲಿಕ್ ಫ್ಲೆಟ್ ಹೆಗಲಿಗೆ ಅಂಚೆಚೀಲ ಹಾಕಿಕೊಂಡು ಅದೇ ಕಿಲ್ಟಿನಲ್ಲಿ ಬರುತ್ತಿದ್ದಾರೆ. ಮಂಗಳವಾರವೂ ಅದೇ. ಬುಧವಾರವೂ ಅದೇ. ಮದುವೆ ಮುಗಿದಿರುವುದನ್ನು ಪಾಪ ಇವರಿಗೆ ಯಾರೂ ಹೇಳಿಲ್ಲ ಎಂಬುದು ನನಗೆ ಖಚಿತವಾಯಿತು. ಗುರುವಾರ ಬಾಗಿಲಲ್ಲೇ ಕಾದು ನಿಂತೆ.

"ಪೋಸ್ಟ್ ಮಾಮ, ಮದುವೆ ಶನಿವಾರಾನೇ ಮುಗೀತು. ಇನ್ನು ನೀವು ಮನೆಗೆ ಹೋಗಬಹುದು."

ಅವರು ಚೀಲ ಕೆಳಗಿಟ್ಟು, ನನ್ನ ಎತ್ತರಕ್ಕೆ ಬಗ್ಗಿ, ಬಹಳ ಗಂಭೀರವಾಗಿ, "ಹೌದೇನಪ್ಪಾ? ಒಳ್ಳೇದಾಯ್ತು ನೀನು ಹೇಳಿದ್ದು. ನಂಗೆ ಯಾರೂ ತಿಳಿಸೇ ಇರ್ಲಿಲ್ಲ ನೋಡು," ಎಂದು ಕರೆಂಟ್ ಬಿಲ್ಲನ್ನು ನನ್ನ ಕೈಗಿಟ್ಟು ಹೋದರು. ಶುಕ್ರವಾರ ಮತ್ತೆ ಕಿಲ್ಟ್. ಮರೆವಿನ ಮನುಷ್ಯ ಎಂದುಕೊಂಡೆ.

ಇಪ್ಪತ್ತೆರಡು ವರ್ಷಗಳಾದ ಮೇಲೆ ಆ ಮರೆವಿನ ಮನುಷ್ಯರ ಮಗಳನ್ನೇ ಮದುವೆಯಾದೆ. ಬಾಡಿಗೆ ಕಿಲ್ಟ್ ಉಟ್ಟೇ ಆದೆ. ಹುಡುಗಿಯ ತಾಯಿ ಎಫಿ ನಲವತ್ತು ವರ್ಷದಿಂದ ಕೈಹೊಲಿಗೆಯಲ್ಲಿ ಕಿಲ್ಟ್ ಹೊಲಿಯುವವರು ಎಂಬುದು ಗೊತ್ತಿದ್ದೂ ಆದೆ. ಪಾದ್ರಿಗಳು ನಮ್ಮಿಂದ ಪ್ರತಿಜ್ಞೆ ಹೇಳಿಸುವಾಗ ನಮ್ಮ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಭಕ್ತಿ ಎಂದುಕೊಂಡಿದ್ದೆ. ನನ್ನ ಬೆನ್ನ ಹಿಂದಿನ ಯಂತ್ರದ ಹೊಲಿಗೆ ನೋಡಲಾರದೆ ಮುಚ್ಚಿಕೊಂಡದ್ದು ಎಂದು ಹೆಂಡತಿ ಐಲ್ಸಾ ಆಮೇಲೆ ತಿಳಿಸಿದಳು.

ವಿಷಯಕ್ಕೆ ಬರುತ್ತೇನೆ. ಒಂದು ಭಾನುವಾರ ಅತ್ತೆ ಮನೆಯಲ್ಲಿ ಊಟ. ಕೊಚ್ಚಿದ ಮಾಂಸದ ಪಲ್ಯ, ಬೇಯಿಸಿ ಹಿಸುಕಿದ ಆಲೂಗಡ್ಡೆ. ತಟ್ಟೆಯಿಂದ ತಲೆ ಎತ್ತದೆ ಎಫಿ ಹೇಳಿದರು:

"ನನ್ನ ಕೈಯಲ್ಲಿ ಇನ್ನೊಂದೇ ಕಿಲ್ಟ್ ಉಳಿದಿದೆ."

ಆಕೆಯ ಬೆರಳ ಗೆಣ್ಣುಗಳು ಊದಿ ಶುಂಠಿಯಂತಾಗಿದ್ದವು. ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಿನಾ ಬೆಳಗ್ಗೆ ಮಾವನವರೇ ಕೂತು ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ಒಂದು ದಿಂಬಿಗೆ ಸಾಲಾಗಿ ಚುಚ್ಚಿಟ್ಟು, ಆಮೇಲೆ ತಮ್ಮ ಟೀ ಕುಡಿಯುತ್ತಿದ್ದರು.

"ಅದು ರೋರಿಗೆ ತಾನೇ ಅಮ್ಮಾ?" ಐಲ್ಸಾ ಕೇಳಿದಳು. ರೋರಿ ಅವಳ ಅಣ್ಣ. ಅಬರ್ಡೀನ್‌ನಲ್ಲಿ ತೈಲ ಕಂಪನಿಯೊಂದರಲ್ಲಿ ದೊಡ್ಡ ಕುರ್ಚಿಯವನು.

"ಅವನು ಏನ್ ಮಾಡ್ತಾನೆ ಅದನ್ನ? ವರ್ಷಕ್ಕೆ ಎರಡು ಮದುವೆ, ಒಂದು ಹೊಸವರ್ಷ. ಉಳಿದ ದಿನ ಅದು ಕಪಾಟಲ್ಲಿ ನುಸಿಗುಳಿಗೆ ಜೊತೆ ಸಂಸಾರ ಮಾಡ್ಕೊಂಡಿರಬೇಕು."

"ಕಿಲ್ಟ್ ಇರೋದೇ ಅದಕ್ಕಲ್ವಾ?" ಎಂದುಬಿಟ್ಟೆ ನಾನು.

ಎದುರಿಗೆ ಮಾವನವರು ತಮ್ಮ ದಿನಬಳಕೆಯ ಕಿಲ್ಟಿನಲ್ಲಿ ಕೂತು ಆಲೂಗಡ್ಡೆ ತಿನ್ನುತ್ತಿದ್ದರು. ಎಲ್ಲರೂ ಅವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಡಿದ್ದನ್ನು ಮುಚ್ಚಿಹಾಕುವ ಆತುರದಲ್ಲಿ ಮನುಷ್ಯ ಮೊದಲಿನದಕ್ಕಿಂತ ದೊಡ್ಡದನ್ನೇ ಆಡುತ್ತಾನೆ.

"ಅಂದ್ರೆ... ನಾನಾಗಿದ್ರೆ ದಿನಾ ಉಡ್ತಿದ್ದೆ."

"ದಿನಾ?" ಎಂದರು ಎಫಿ.

"ದಿನಾ."

"ಕೆಲಸಕ್ಕೂ?"

"ಕೆಲಸಕ್ಕೂ."

"ಮಂಗಳವಾರಾನೂ? ಯೋಚನೆ ಮಾಡಿ ಹೇಳು ಹುಡುಗ. ಶನಿವಾರ ಯಾವ ಹೇಡಿ ಬೇಕಾದ್ರೂ ಉಡ್ತಾನೆ."

"ಮಂಗಳವಾರಾನೂ," ಎಂದೆ. ಮಾತು ಆಡಿದರೆ ಹೋಯಿತು. ಮೇಜಿನ ಕೆಳಗೆ ಐಲ್ಸಾ ನನ್ನ ಪಾದ ತುಳಿದಳು. ಅದು ಪ್ರೋತ್ಸಾಹವೋ ಎಚ್ಚರಿಕೆಯೋ ತಿಳಿಯಲಿಲ್ಲ.

ಎಫಿ ಷರತ್ತು ಹಾಕಿದರು. ಒಂದು ತಿಂಗಳು, ಕೆಲಸದ ದಿನಗಳಲ್ಲಿ ಒಂದನ್ನೂ ಬಿಡದೆ ಉಡಬೇಕು. ಒಂದು ದಿನ ತಪ್ಪಿದರೂ ಕಿಲ್ಟನ್ನು ಬಿಚ್ಚಿ ಕಾಲುಮಣೆಗೆ ಹೊದಿಸಿಬಿಡುತ್ತಾರೆ. ಇದು ಬರೀ ಬಾಯಿಮಾತಲ್ಲ. ಮಾವನವರ ಕುರ್ಚಿಯ ಮುಂದೆ ಒಂದು ಕೆಂಪು ಚೌಕಳಿ ಕಾಲುಮಣೆ ಇದೆ. ಅದು ಮೊದಲು ಊರಿನ ಹಲ್ಲಿನ ಡಾಕ್ಟರ ಕಿಲ್ಟ್ ಆಗಿತ್ತು. ಒಮ್ಮೆಯೂ ಉಡದೆ ಅವರು ಅದನ್ನು ಹಳೆಬಟ್ಟೆ ಅಂಗಡಿಗೆ ದಾನ ಕೊಟ್ಟಿದ್ದನ್ನು ಕಂಡ ಎಫಿ ತಾವೇ ಕೊಂಡು ತಂದು, ಒಂದೇ ಮಧ್ಯಾಹ್ನದಲ್ಲಿ ಬಿಚ್ಚಿ, ಮೊಳೆ ಹೊಡೆದಿದ್ದರು. ಅದರ ಮೇಲೆ ಕಾಲಿಡುವಾಗಲೆಲ್ಲ ಮಾವನವರು "ಡಾಕ್ಟ್ರೇ, ಹೇಗಿದ್ದೀರಿ?" ಎಂದು ವಿಚಾರಿಸುವುದುಂಟು.

ಅಳತೆಯ ದಿನ ಎಫಿ, "ಮಂಡಿಯೂರು," ಎಂದರು. ಮಂಡಿಯೂರಿದಾಗ ಅಂಚು ನೆಲವನ್ನು ತಾಗಿಯೂ ತಾಗದಂತಿರಬೇಕು. ಅದು ಸರಿಯಾದ ಉದ್ದ. ಕಣ್ಣಿಗೆ ಕಾಣದ್ದನ್ನು ಅವರು ಕೈಯಲ್ಲಿ ನೋಡುತ್ತಿದ್ದರು. ನನ್ನ ಮಂಡಿಯ ಸುತ್ತ ನೆಲವನ್ನು ತಡವಿ ತಡವಿ ಕಾಲು ಗಂಟೆ ತೆಗೆದುಕೊಂಡರು.

"ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳೋವಾಗ ಇಷ್ಟು ಹೊತ್ತು ಮಂಡಿಯೂರಿರ್ಲಿಲ್ಲ ಇವನು," ಎಂದಳು ಐಲ್ಸಾ.

"ಅವತ್ತು ನೆಲ ಒದ್ದೆ ಇತ್ತು," ಎಂದೆ.

ಒಂಬತ್ತು ವಾರ ಹೊಲಿದರು. ಕಡುಹಸಿರಿನ ಮೇಲೆ ನೀಲಿಯ ಗೆರೆ. ಎಂದೋ ಮುಚ್ಚಿಹೋದ ಗಿರಣಿಯ ಬಟ್ಟೆ, ಪೆಟ್ಟಿಗೆಯ ತಳದಲ್ಲಿ ಇಷ್ಟು ವರ್ಷ ಕಾದಿದ್ದದ್ದು. ಕಂದು ಕಾಗದದಲ್ಲಿ ಸುತ್ತಿ ಕೈಗಿಡುವಾಗ ಎಫಿ ಹೇಳಿದ್ದು ಇಷ್ಟೇ: "ಹಿಂದಿನ ನೆರಿಗೆ ಕೂರಲಿ ಅಂತ ಮೂರು ಸಾಲು ಕಚ್ಚಾ ಹೊಲಿಗೆ ಹಾಕಿದ್ದೀನಿ, ಬಿಳಿ ದಾರ. ಉಡೋಕೆ ಮುಂಚೆ ತೆಗೆದುಬಿಡು."

ಸೋಮವಾರ ಬೆಳಗಾಯಿತು. ನಮ್ಮೂರಿನ ಗಾಳಿ ನಾರ್ವೆಯಿಂದ ಹೊರಟು ನಡುವೆ ಎಲ್ಲೂ ನಿಲ್ಲದೆ ನೇರ ನಮ್ಮ ಹಿತ್ತಲಿಗೆ ಬರುತ್ತದೆ. ಕತ್ತರಿ ಹಿಡಿದು ಕಿಟಕಿಯಲ್ಲಿ ನೋಡಿದೆ. ಪಕ್ಕದ ಮನೆಯ ಹಗ್ಗದ ಮೇಲೆ ಒಂದು ಹೊದಿಕೆ ಒಣಗುತ್ತಿತ್ತು. ತೂಗುತ್ತಿರಲಿಲ್ಲ, ನೆಲಕ್ಕೆ ಸಮಾನಾಂತರವಾಗಿ ಮಲಗಿತ್ತು. ಹೊದಿಕೆಯನ್ನು ನೋಡಿದೆ. ಬಿಳಿ ದಾರವನ್ನು ನೋಡಿದೆ. ಕತ್ತರಿಯನ್ನು ಗೂಟಕ್ಕೆ ತೂಗುಹಾಕಿ, ಮೇಜಿನ ಮೇಲಿದ್ದ ಹಸಿರು ಶಾಯಿಯ ದಪ್ಪ ಪೆನ್ನನ್ನು ಕೈಗೆತ್ತಿಕೊಂಡೆ.

"ಏನ್ ಮಾಡ್ತಿದ್ದೀಯ?" ಐಲ್ಸಾ ಬಾಗಿಲಲ್ಲಿ ನಿಂತಿದ್ದಳು.

"ದಾರಕ್ಕೆ ಬಣ್ಣ ಹಚ್ತಿದ್ದೀನಿ."

"ತೆಗೀಬೇಕಾಗಿದ್ದ ದಾರಕ್ಕಾ?"

"ಸದ್ಯದ ಹವಾಮಾನ ಪರಿಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡು ತಾತ್ಕಾಲಿಕವಾಗಿ ಉಳಿಸಿಕೊಳ್ಳಲಾಗಿದೆ."

"ಹೆದರಿಕೆ ಅನ್ನು."

"ಹೆದರಿಕೆ ಅಲ್ಲ, ಮುನ್ನೆಚ್ಚರಿಕೆ."

"ಅಮ್ಮನಿಗೆ ಗೊತ್ತಾದ್ರೆ?"

"ನಿಮ್ಮಮ್ಮನಿಗೆ ಮೇಜಿನ ಮೇಲಿನ ಉಪ್ಪಿನ ಡಬ್ಬೀನೇ ಕಾಣಲ್ಲ."

ಈ ಮಾತು ಆಡಬಾರದಿತ್ತು. ಐಲ್ಸಾ ತಿರುಗಿ ಒಳಗೆ ಹೋದಳು. ಹಸಿರು ಹಚ್ಚುವುದನ್ನು ಮಾತ್ರ ನಾನು ನಿಲ್ಲಿಸಲಿಲ್ಲ.

ನೆರಿಗೆಗಳನ್ನು ಮೂರು ಕಡೆ ಒಂದಕ್ಕೊಂದು ಕಟ್ಟಿಟ್ಟರೆ ಕಿಲ್ಟ್ ಕಿಲ್ಟಾಗಿ ಉಳಿಯುವುದಿಲ್ಲ, ದಿಂಬಿನ ಚೀಲವಾಗುತ್ತದೆ. ಹೆಜ್ಜೆಗೆ ಒಂದು ಗೇಣಿಗಿಂತ ಹೆಚ್ಚು ಜಾಗ ಸಿಗಲಿಲ್ಲ. ಬಸ್ಸಿನ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡವಾಗಿ ಹತ್ತಿದೆ. ಡ್ರೈವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

"ಯಾರದ್ದಪ್ಪಾ ಮದುವೆ?"

"ಯಾರದ್ದೂ ಅಲ್ಲ."

ಅವನ ನಗು ಹೋಯಿತು. ಟೋಪಿ ತೆಗೆದು ದನಿ ತಗ್ಗಿಸಿದ. "ಅಯ್ಯೋ. ಯಾರು ಹೋದ್ರು?"

ನಾನು ಕೆಲಸ ಮಾಡುವುದು ಒಂದು ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ. ಬಣ್ಣ, ಮೊಳೆ, ನಲ್ಲಿ, ಹಗ್ಗ. ಕೌಂಟರು ಎದೆಮಟ್ಟ. ಅದರ ಹಿಂದೆ ನಿಂತರೆ ಕೆಳಗೆ ಏನು ಉಟ್ಟಿದ್ದೇನೆ, ಉಟ್ಟಿದ್ದೇನೆಯೇ ಎಂಬುದೂ ಯಾರಿಗೂ ಕಾಣುವುದಿಲ್ಲ. ಆ ಎಂಟು ಗಂಟೆ ನನ್ನಷ್ಟು ಧೈರ್ಯವಂತ ಸ್ಕಾಟ್ಲೆಂಡಿನಲ್ಲೇ ಇರಲಿಲ್ಲ. ಮಾಲೀಕಳು ಬೆರಿಲ್ ಮಾತ್ರ, "ಮದುವೆಗೆ ಹೋಗೋದಿದ್ರೆ ಮಧ್ಯಾಹ್ನ ಹೊರಡು, ಸಂಬಳ ಹಿಡಿಯಲ್ಲ," ಎಂದಳು. ಎಂಥ ಆಮಿಷ! ಆದರೂ ನಿಜವನ್ನೇ ಹೇಳಿದೆ.

ಕಿಲ್ಟ್ ಉಟ್ಟವನನ್ನು ಜಗತ್ತು ಕೇಳುವ ಒಂದು ಪ್ರಶ್ನೆ ಇದೆಯಲ್ಲ, ಒಳಗೇನಿದೆ ಎಂಬುದು, ಅದಕ್ಕೆ ಹನ್ನೊಂದು ಚತುರ ಉತ್ತರಗಳನ್ನು ಚೀಟಿಯಲ್ಲಿ ಬರೆದು, ಸೊಂಟದ ಮುಂದೆ ತೂಗುವ ಚರ್ಮದ ಚೀಲದಲ್ಲಿ ಇಟ್ಟುಕೊಂಡಿದ್ದೆ. ಎರಡು ವಾರದಲ್ಲಿ ಒಬ್ಬರೂ ಕೇಳಲಿಲ್ಲ. ಒಬ್ಬ ಜರ್ಮನ್ ಪ್ರವಾಸಿ ನಗುತ್ತಾ ನನ್ನ ಬಳಿಗೇ ಬಂದಾಗ ನಾಲ್ಕನೆಯ ಉತ್ತರವನ್ನು ನಾಲಿಗೆಯ ತುದಿಗೆ ತಂದುಕೊಂಡೆ. ಅವನು ಕೇಳಿದ್ದು ಎರಡಿಂಚಿನ ತಿರುಪುಮೊಳೆ.

ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ. (ತಣ್ಣಗಿನ ಸೀಟಿನ ಮೇಲೆ ಕಿಲ್ಟಿನಲ್ಲಿ ಕೂತರೆ ಯೋಚನೆ ತಾನಾಗಿ ಬರುತ್ತದೆ.) ನಮ್ಮದೇ ಉಡುಪನ್ನು ಬಾಡಿಗೆಗೆ ತಂದು ಉಡುವ ಜನ ನಾವು. ಶನಿವಾರ ನೂರು ಜನ ಉಟ್ಟರೆ ಅದು ಸಂಪ್ರದಾಯ, ಮಂಗಳವಾರ ಒಬ್ಬ ಉಟ್ಟರೆ ಅವನಿಗೇನೋ ಆಗಿದೆ. ಬಟ್ಟೆ ಅದೇ, ಮಂಡಿ ಅದೇ. ಒಂದು ದಿನ ಬಸ್ಸಿನ ಕಿಟಕಿಯಿಂದ ಮಾವನವರು ಕಂಡರು. ಮೀನಿನ ವ್ಯಾನಿನ ಪಕ್ಕ ನಿಂತು ಯಾರ ಜೊತೆಗೋ ಹರಟುತ್ತಿದ್ದರು. ಬಂದರಿನ ಕಡೆಯಿಂದ ಗಾಳಿ ಬೀಸಿತು, ನೆರಿಗೆಗಳು ಆಡಿದವು, ಅವರ ಮಾತು ನಿಲ್ಲಲಿಲ್ಲ. ಎರಡು ಕೈಯೂ ಮೀನಿನ ಗಾತ್ರ ತೋರಿಸುವುದರಲ್ಲೇ ಇತ್ತು. ನನ್ನ ಎಡಗೈ ಮಾತ್ರ ಕೂತಲ್ಲೂ ಹಿಂದಿನ ನೆರಿಗೆಯನ್ನು ಒತ್ತಿ ಹಿಡಿದಿತ್ತು.

ಅದರ ಮೇಲೆ ರೋರಿಯ ಫೋನು. "ಏನಪ್ಪಾ, ಇನ್ನೂ ಉಡ್ತಿದ್ದೀಯಾ? ಸಾಕಾದ್ರೆ ಹೇಳು, ಕಾಲುಮಣೆ ಆಗೋಕೆ ಮುಂಚೆ ನಾನು ಬಂದು ತಗೊಂಡು ಹೋಗ್ತೀನಿ."

"ಸಾಕಾಗೋದಾ? ಹುಟ್ಟಿದಾಗಿನಿಂದ ಉಟ್ಟ ಹಾಗಿದೆ," ಎಂದೆ. ಪಕ್ಕದಲ್ಲಿದ್ದ ಐಲ್ಸಾ ಕೆಮ್ಮಿದಳು.

ಎರಡನೆಯ ವಾರದ ಗುರುವಾರ. ಅಂಗಡಿಯ ಬಾಗಿಲು ತೆರೆಯಿತು. ಎಫಿ ಒಳಗೆ ಬಂದರು.

"ನಲ್ಲಿ ಸೋರ್ತಿದೆ. ಒಂದು ವಾಷರ್ ಕೊಡು."

ವಾಷರ್ ಇದ್ದದ್ದು ಎದುರಿನ ಗೋಡೆಯ ಕಪಾಟಿನಲ್ಲಿ. ಕೌಂಟರಿನ ಕೋಟೆ ಬಿಟ್ಟು ಹೊರಗೆ ಬರಲೇಬೇಕಾಯಿತು. ಗೇಣು ಹೆಜ್ಜೆ ಇಡುತ್ತಾ ಹೊರಟೆ.

"ನಿಲ್ಲು," ಎಂದರು ಎಫಿ.

ನಿಂತೆ.

"ವಾಪಸ್ ಹೋಗು. ಮತ್ತೆ ನಡಿ."

ಹೋದೆ. ನಡೆದೆ. ಆಕೆ ನೋಡುತ್ತಿರಲಿಲ್ಲ, ತಲೆ ಓರೆ ಮಾಡಿ ಕೇಳುತ್ತಿದ್ದರು.

"ಸದ್ದೇ ಇಲ್ಲವಲ್ಲೋ. ನಡೆದ್ರೆ ಉಣ್ಣೆ ಮಾತಾಡಬೇಕು." ಹತ್ತಿರ ಬಂದು ನನ್ನ ಬೆನ್ನ ಹಿಂದೆ ಕೈಯಿಟ್ಟರು. ಬೆರಳುಗಳು ನೆರಿಗೆಯಿಂದ ನೆರಿಗೆಗೆ ನಿಧಾನವಾಗಿ ಸರಿದವು. ಮೊದಲ ಸಾಲಿನ ದಾರಕ್ಕೆ ತಾಗಿ ನಿಂತವು.

ಪ್ಯಾಂಟು ಹಾಕಿಕೊಂಡು ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

"ಬೆರಿಲ್," ಎಂದು ಕರೆದರು ಎಫಿ, "ನಂಗೆ ಬಗ್ಗೋಕೆ ಆಗಲ್ಲ. ಇವನನ್ನ ಎತ್ತರದಲ್ಲಿ ನಿಲ್ಲಿಸೋಕೆ ಏನಾದ್ರೂ ಇದೆಯಾ?"

ಬೆರಿಲ್ ಬಹಳ ಸಹಕಾರಿ ಹೆಂಗಸು. ಇಪ್ಪತ್ತು ಲೀಟರಿನ ಸುಣ್ಣದ ಬಣ್ಣದ ಡಬ್ಬವೊಂದನ್ನು ಅಂಗಡಿಯ ನಟ್ಟನಡುವೆ ಉರುಳಿಸಿ ತಂದಳು. ಅದರ ಮೇಲೆ ನನ್ನ ಪೀಠಾರೋಹಣವಾಯಿತು. ಎಫಿ ಕೈಚೀಲದಿಂದ ಪುಟ್ಟ ಕತ್ತರಿ ತೆಗೆದರು. ಪೈಪು ಕೊಳ್ಳಲು ಬಂದಿದ್ದ ಪ್ಲಂಬರನೊಬ್ಬ ಕೊಳ್ಳುವುದನ್ನು ಬಿಟ್ಟು ತನ್ನ ಟಾರ್ಚ್ ಹಿಡಿದು ಹಿಂದೆ ನಿಂತ.

"ಎಡಕ್ಕೆ ತಿರುಗು," ಎಂದ ಪ್ಲಂಬರ್. "ಅಮ್ಮಾ, ಅಲ್ಲಿ ಇನ್ನೂ ಒಂದಿದೆ, ನಿಮ್ಮ ಹೆಬ್ಬೆರಳ ಕೆಳಗೆ."

ಕಚಕ್. ಕಚಕ್. ಒಂದೊಂದೇ ಎಳೆ. ಬಾಗಿಲಲ್ಲಿ ನಾಲ್ಕು ಜನ ಸೇರಿದರು. ಅವರಲ್ಲೊಬ್ಬಳು ಪಕ್ಕದವಳನ್ನು ಕೇಳಿದಳು, "ಯಾರದ್ದೇ ಮದುವೆ?"

ಎಫಿ ತಮ್ಮ ಹೆಬ್ಬೆರಳನ್ನು ಮೂಗಿನ ಹತ್ತಿರ ಹಿಡಿದರು. "ಇದೇನಿದು ವಾಸನೆ?"

"ಹಸಿರು ಶಾಯಿ ಅಮ್ಮಾ," ಎಂದ ಪ್ಲಂಬರ್, ಯಾರೂ ಕೇಳದಿದ್ದರೂ.

"ನನ್ನ ಬಟ್ಟೆ ಮೇಲೆ ಶಾಯಿ?"

"ದಾರದ ಮೇಲೆ ಮಾತ್ರ ಎಫಿ, ಬಟ್ಟೆಗೆ ತಾಗದ ಹಾಗೆ..."

"ಯಾಕೆ?"

ಹನ್ನೊಂದು ಚತುರ ಉತ್ತರಗಳ ಪೈಕಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ. ಆಕೆಯ ಊದಿದ ಬೆರಳುಗಳು ನನಗೆ ಮೇಲಿನಿಂದ ಕಾಣುತ್ತಿದ್ದವು. ಒಂಬತ್ತು ವಾರ, ದಿನಕ್ಕೆ ಇಪ್ಪತ್ತು ಸೂಜಿ.

"ಗಾಳಿ," ಎಂದೆ. "ಗಾಳಿಗೆ ಹೆದರಿಕೆ ಆಯ್ತು. ಹಾರಿದ್ರೆ ಅಂತ."

ಬೈಗುಳಕ್ಕೆ ಕಾದೆ. ಆಕೆ ಕೊನೆಯ ಎಳೆಯನ್ನು ಎಳೆದು, ಮೂರೂ ಸಾಲಿನ ದಾರವನ್ನು ಬೆರಳಿಗೆ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು.

"ಇದನ್ನ ಯಾವತ್ತಾದ್ರೂ ಕೈಯಲ್ಲಿ ಎತ್ತಿ ತೂಕ ನೋಡಿದ್ದೀಯಾ? ಎರಡು ಕಿಲೋ ಇದೆ ಕಣೋ. ಕರ್ಚೀಫು ಅಂದ್ಕೊಂಡ್ಯಾ, ಹಾರೋಕೆ? ಇಳಿ. ಬಾಗಿಲವರೆಗೂ ನಡಿ. ಯಾರಾದ್ರೂ ಆ ಬಾಗಿಲು ತೆಗೀರಪ್ಪ."

ಪ್ಲಂಬರ್ ಓಡಿಹೋಗಿ ಎರಡೂ ಬಾಗಿಲು ತೆರೆದ. ನಾರ್ವೆ ಒಳಗೆ ನುಗ್ಗಿತು. ಬೆರಿಲಳ ಕಾಗದಗಳು ಹಾರಿದವು. ಪ್ಲಂಬರನ ಟೋಪಿ ಬಣ್ಣದ ಡಬ್ಬಗಳ ಆಚೆ ಹೋಯಿತು. ನಾನು ಕಣ್ಣು ಮುಚ್ಚಿ ನಡೆದೆ. ನನ್ನ ಹಿಂದೆ ಏನೋ ಭಾರವಾದದ್ದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಗೋಡೆ ಗಡಿಯಾರದ ಲೋಲಕದ ಹಾಗೆ ನಿಧಾನವಾಗಿ ತೂಗಿತು; ತೂಗಿ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ಬೇರೇನೂ ಆಗಲಿಲ್ಲ. ಎರಡು ವಾರ ನಾನು ಏಡಿಯಾಗಿದ್ದದ್ದು ಆಗದೇ ಇರುವ ಅನಾಹುತಕ್ಕೆ. ಪುರ್ ಪುರ್ ಎಂದು ಸಣ್ಣ ಸದ್ದು ಬಂತು. ಉಣ್ಣೆ ಮಾತಾಡುತ್ತಿತ್ತು.

"ಹಾಗಾದ್ರೆ... ಕಾಲುಮಣೆ?" ಎಂದೆ ಮೆಲ್ಲಗೆ.

"ತಿಂಗಳು ಇವತ್ತಿಂದ ಶುರು. ಹಳೇ ಎರಡು ವಾರ ನೀನು ಉಟ್ಟಿದ್ದು ಕಿಲ್ಟ್ ಅಲ್ಲ. ಎಲ್ಲಿ, ನನ್ನ ವಾಷರ್ ಕೊಡು."

ಹೊಸ ತಿಂಗಳು ಉಟ್ಟೆ. ಆಲಿಕಲ್ಲು ಮಳೆಯಲ್ಲಿ ಉಟ್ಟೆ; ಮಂಡಿಗೆ ಬಿದ್ದ ಒಂದೊಂದು ಕಲ್ಲಿಗೂ ಮಾವನವರ ನಲವತ್ತು ವರ್ಷದ ಅಂಚೆಸೇವೆಯ ಮೇಲೆ ಗೌರವ ಹೆಚ್ಚಿತು. ಒಂದು ನಾಯಿ ಅಟ್ಟಿಸಿಕೊಂಡು ಬಂತು, ಓಡಿದೆ. ಕಿಲ್ಟಿನಲ್ಲಿ ಓಡುವುದು ಪ್ಯಾಂಟಿಗಿಂತ ಎಷ್ಟೋ ಸಲೀಸು ಎಂದು ಓಡುತ್ತಲೇ ಗೊತ್ತಾಯಿತು. ಮೂರನೆಯ ವಾರದ ಯಾವುದೋ ದಿನ ಬಸ್ ಡ್ರೈವರು ನನ್ನನ್ನು ಕಂಡು, "ಬೇಗ ಒಳಗೆ ಬಾರಪ್ಪಾ, ಚಳಿ ನುಗ್ತಿದೆ," ಎಂದಷ್ಟೇ ಹೇಳಿದ. ಸೀಟಿನಲ್ಲಿ ಕೂತ ಮೇಲೆ ನೋಡಿದರೆ ನನ್ನ ಎರಡು ಕೈಯಲ್ಲೂ ದಿನಪತ್ರಿಕೆ ಇತ್ತು. ಅಂದು ಮಂಗಳವಾರವಿತ್ತೋ ಏನೋ, ನೆನಪಿಲ್ಲ.

ತಿಂಗಳು ತುಂಬಿದ ಭಾನುವಾರ ಅತ್ತೆ ಮನೆಯಲ್ಲಿ ಹೊಗೆಮೀನಿನ ಸೂಪು. ಅಬರ್ಡೀನ್‌ನಿಂದ ರೋರಿಯೂ ಬಂದಿದ್ದ. ಬಾಗಿಲಿನಷ್ಟು ಅಗಲದ ಆಳು, ಮೃದು ಸ್ವಭಾವದವನು. ನಾನು ಅಗತ್ಯವಿಲ್ಲದಿದ್ದರೂ ಎದ್ದು ಎರಡು ಸಲ ಬ್ರೆಡ್ಡು, ಒಂದು ಸಲ ಉಪ್ಪು ತಂದೆ. ಬರುವಾಗ ತಿರುವಿನಲ್ಲಿ ನೆರಿಗೆ ಸರಿಯಾಗಿ ಬೀಸುವಂತೆ ನೋಡಿಕೊಂಡೆ.

"ಚೆನ್ನಾಗಿದೆ ಕಣೋ, ನಿಜವಾಗ್ಲೂ," ಎಂದ ರೋರಿ. ಅವನ ದನಿಯಲ್ಲಿ ಒಂದು ಎಳೆ ನೋವಿತ್ತು. ತಾಯಿಯ ಕೈಯ ಕೊನೆಯ ಕಿಲ್ಟ್ ಅಲ್ಲವೇ!

"ಆಯ್ತಪ್ಪ," ಎಂದರು ಎಫಿ. "ಇನ್ನು ಅದು ನಿಂದೇ. ಕಾಲುಮಣೆ ಆಗಲ್ಲ." ಅವರ ಕೈಗಳು ಮೇಜಿನ ಮೇಲೆ ಸುಮ್ಮನೆ ಕೂತಿದ್ದವು. ಮಾವನವರು ಅವುಗಳ ಮೇಲೆ ತಮ್ಮ ಕೈಯಿಟ್ಟರು.

ಅಲ್ಲಿಗೆ ನಾನು ಸೂಪು ಕುಡಿದು ಎದ್ದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರಲಿಲ್ಲ. ಆದರೆ ಗೆದ್ದವನಿಗೆ ಗೆಲುವಷ್ಟೇ ಸಾಲದು, ಅದರ ಕಾರಣವನ್ನು ನಾಲ್ಕು ಜನರ ಮುಂದೆ ಬೇರೆಯವರ ಬಾಯಿಂದ ಕೇಳಬೇಕು.

"ಒಂದು ಮಾತು ಕೇಳ್ಲಾ ಎಫಿ?" ಎಂದೆ. "ಸ್ವಂತ ಮಗ ಇರೋವಾಗ ನನ್ನನ್ನೇ ಯಾಕೆ ಆರಿಸಿದ್ರಿ?"

ಐಲ್ಸಾ ಮೇಜಿನ ಕೆಳಗೆ ನನ್ನ ಬರಿ ಮಂಡಿಗೆ ಒದ್ದಳು. ರೋರಿ ತಟ್ಟೆ ನೋಡಿದ. ಮಾವನವರು, "ಸೂಪು ಆರಿಹೋಗ್ತಿದೆ, ಕುಡಿಯಪ್ಪಾ," ಎಂದರು.

"ಇಲ್ಲ, ರೋರಿ ಇದ್ದಾನೆ ಅಂತ ಸಂಕೋಚ ಬೇಡ. ಅವನೂ ತಿಳ್ಕೊಳ್ಳಲಿ. ನನ್ನಲ್ಲಿ ಅಂಥದ್ದೇನು ಕಂಡ್ರಿ?"

ಎಫಿ ಚಮಚ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

"ಬಟ್ಟೆ ಕಮ್ಮಿ ಇತ್ತು. ರೋರಿ ಸೊಂಟ ನಲವತ್ತೆರಡು ಇಂಚು. ನಿಂಗೆ ಸೊಂಟಾನೇ ಇಲ್ಲ."